ಕಡವಿನವರ ಬಲಗೈ

ಮೊನ್ನೆ ತಮ್ಮನ ಸಂಸಾರ ಯಾವುದೋ ದ್ವೀಪಕ್ಕೆ ಹೋಗಿ ಬಂತು. ಮುಖಕ್ಕೆ ಗಾಜು ಕಟ್ಟಿಕೊಂಡು, ಬಾಯಲ್ಲೊಂದು ಕೊಳವೆ ಕಚ್ಚಿಕೊಂಡು, ಕಡಲಲ್ಲಿ ಕವುಚಿ ಮಲಗಿ ಮೀನು ನೋಡುವ ಆಟವಂತೆ. ಆ ಕೊಳವೆಯನ್ನು ನನ್ನ ಜಗಲಿಯ ಕುರ್ಚಿಯ ಮೇಲೆ ಒಣಗಲು ಹಾಕಿದ್ದರು. ರಬ್ಬರು, ಉಪ್ಪು, ಸ್ವಲ್ಪ ಎಂಜಲಿನ ವಾಸನೆ. ಎಪ್ಪತ್ತು ದಾಟಿದ ತಮ್ಮ ಅದನ್ನೆತ್ತಿ ಮೊಮ್ಮಗನಿಗೆ ಜಂಬ ಕೊಚ್ಚುತ್ತಿದ್ದ: "ಇದೆಲ್ಲ ನಾನು ಏಳು ವರ್ಷಕ್ಕೇ ಮಾಡಿದ್ದೇನೆ ಮಾರಾಯ, ಬಪ್ಪಂಗಾಯಿ ದಂಟಿನಲ್ಲಿ. ಆಗ ಕಡವಿನ ಬ್ಯಾರಿ ತೋಟೆ ಸಿಡಿಸಿ ನನ್ನನ್ನು ಕೊಂದೇ ಬಿಡ್ತಿದ್ದ!"

ಮೊಮ್ಮಗ ನಕ್ಕ. ಆ ಸುಳ್ಳು ಹುಟ್ಟಿದ್ದು ನನ್ನ ಬಾಯಿಂದ.

ಆ ಕಾಲಕ್ಕೆ ಪುತ್ತೂರು ಬಳಿಯ ನಮ್ಮ ಸವಣೂರು ಕಡೆಯಿಂದ ಆಲಂಕಾರಿಗೆ ಹೋಗಬೇಕಾದರೆ ಕುಮಾರಧಾರೆಯನ್ನು ದೋಣಿಯಲ್ಲೇ ದಾಟಬೇಕು. ಆ ಕಡವಿನ ದೋಣಿ ನಡೆಸುತ್ತಿದ್ದವರು ಅವರು. ಮುಸಲ್ಮಾನರಾದ್ದರಿಂದ ಊರಿಗೆಲ್ಲ ಕಡವಿನ ಬ್ಯಾರಿ, ನಮಗೆ ಮಕ್ಕಳಿಗೆ ಕಡವಿನವರು. ಅಬ್ಬಾ, ಅವರ ಸಿಟ್ಟೇ! ಎಲ್ಲರಿಗೂ ಮೂಗಿನ ತುದಿಯಲ್ಲಿದ್ದರೆ ಅವರಿಗೆ ಬಲಗೈಯಲ್ಲಿತ್ತು. ದೋಣಿ ಹತ್ತುವಾಗ ನೂಕಿದವನಿಗೆ ಪೆಟ್ಟು, ನಡು ಹೊಳೆಯಲ್ಲಿ ಎದ್ದು ನಿಂತವನಿಗೆ ಪೆಟ್ಟು. ಒಮ್ಮೆ ಪಟೇಲರ ಮಗನನ್ನೇ ಕೆನ್ನೆಗೆ ಬಾರಿಸಿ ನೀರಿಗೆ ಕೆಡವಿ, ಮತ್ತೆ ತಾವೇ ಕೂದಲು ಹಿಡಿದು ಎಳೆದು ಹಾಕಿದ್ದರು. "ಮುಳುಗಿ ಸಾಯುದಕ್ಕಿಂತ ಪೆಟ್ಟು ತಿಂದು ಬದುಕುದು ಒಳ್ಳೇದು" ಅಂತ ಅವರ ನ್ಯಾಯ. ಹುಡುಗಿಯಾದ ನನಗೂ ಎರಡು ಬಿದ್ದಿತ್ತು, ಸುಳ್ಳು ಯಾಕೆ ಹೇಳಲಿ.

ಹೊಳೆಯ ನಡುವೆ ಒಂದು ಕುದ್ರು, ಅಂದರೆ ಮರಳಿನ ದ್ವೀಪ. ದೊಡ್ಡ ರಜೆಯಲ್ಲಿ ಒಂದು ದಿನ ನಮ್ಮ ಮನೆಯವರೆಲ್ಲ ಅವರ ದೋಣಿಯಲ್ಲಿ ಅಲ್ಲಿಗೆ ಹೋಗಿ ಸಂಜೆ ಬರುವುದು ವಾಡಿಕೆ. ಮನೆಯಿಂದ ಅಕ್ಕಿ, ಅರೆದ ಮಸಾಲೆ, ಮಣ್ಣಿನ ಪಾತ್ರೆ ಒಯ್ಯುವುದು. ಮೀನು ಮಾತ್ರ ಒಯ್ಯುವಂತಿಲ್ಲ, ಅಲ್ಲೇ ಹಿಡಿಯಬೇಕು. ಸಾರು ಕುದಿಯಲಿಟ್ಟು ಮೀನಿಗೆ ಕಾಯುವುದು. ಮೀನಿಲ್ಲದೆ ಪಾತ್ರೆ ಇಳಿಸಿದರೆ ಗಂಡಸರ ಮಾನ ಹೋಯಿತು. ಎಂಥ ದರಿದ್ರ ಜಂಬವೋ!

ಐವತ್ತರ ದಶಕದ ಕೊನೆ ಇರಬೇಕು... ನನಗೆ ಹನ್ನೊಂದು, ತಮ್ಮನಿಗೆ ಏಳು. ಕಡವಿನವರು ಬಪ್ಪಂಗಾಯಿ, ಅಂದರೆ ಪಪ್ಪಾಯಿ ಎಲೆಯ ಟೊಳ್ಳು ದಂಟಿನ ಎರಡೂ ತುದಿ ಕಡಿದು ಅವನಿಗೆ ಕೊಟ್ಟು, ನೀರಿನ ಕೆಳಗೆ ಮಲಗಿ ಅದರಲ್ಲಿ ಉಸಿರಾಡುವುದನ್ನು ಕಲಿಸಿದ್ದರು, ಬೈಯುತ್ತಲೇ. ಅವನು ಬೆಳಗ್ಗಿಂದ ನೀರೊಳಗೆ ಕಣ್ಣು ಬಿಟ್ಟು ಮೀನು ನೋಡುತ್ತಿದ್ದ. ನನಗೂ ಕೊಡು ಅಂದರೆ ಕೊಡಲಿಲ್ಲ. ಅವನ ಹತ್ತಿರ ಮಾತು ಬಿಟ್ಟೆ.

ಮಧ್ಯಾಹ್ನವಾದರೂ ಗಾಳಕ್ಕೆ ಒಂದು ಮೀನು ಬೀಳಲಿಲ್ಲ. ಮಸಾಲೆ ಕುದಿದು ಕುದಿದು ತಳ ಹಿಡಿಯುತ್ತಿತ್ತು. ಅಮ್ಮ ತನ್ನ ತಮ್ಮನನ್ನು, ಅಂದರೆ ನನ್ನ ಮಾವನನ್ನು ಚುಚ್ಚಿದಳು: "ಎಂತ ಮಾರಾಯ, ನಿನ್ನನ್ನೇ ಕೊಚ್ಚಿ ಹಾಕುದಾ ಪಾತ್ರೆಗೆ?" ಮಾವನ ಮುಖ ಕೆಂಪಾಯಿತು. ಪುತ್ತೂರಿನಲ್ಲಿ ಬಾವಿ ತೋಡಿಸುವ ಕೆಲಸ ಅವನದ್ದು. ಬಂಡೆ ಸಿಡಿಸುವ ತೋಟೆಯೊಂದನ್ನು ಚೀಲದಲ್ಲಿ ಅಡಗಿಸಿ ತಂದಿದ್ದ. ತೋಟೆ ನೀರಲ್ಲಿ ಸಿಡಿದರೆ ಮೀನುಗಳು ಹೊಟ್ಟೆ ಒಡೆದು ತೇಲುತ್ತವೆ. ಮನುಷ್ಯರಿದ್ದರೆ ಅವರದ್ದೂ ಅದೇ ಗತಿ. ಹಾಗಾಗಿ ಬತ್ತಿ ಹಚ್ಚುವ ಮೊದಲು ಮೂರು ಸಲ ಕೂಗುವುದು ಕ್ರಮ. ಮಾವ ಕೂಗಿದ. ಕಿವಿ ನೀರೊಳಗಿದ್ದವನಿಗೆ ಕೂಗು ಕೇಳುವುದುಂಟೇ? ಅದು ಯಾರ ತಲೆಗೂ ಬರಲಿಲ್ಲ.

"ಮಕ್ಕಳೆಲ್ಲ ಮೇಲೆ ಬಂದ್ರಾ?" ಅಂತ ಮಾವ ನನ್ನನ್ನು ಕೇಳಿದ.

"ಬಂದ್ರು," ಅಂದೆ. ತಿರುಗಿಯೂ ನೋಡಲಿಲ್ಲ. ಸಿಟ್ಟು...

ಮಾವ ಬತ್ತಿ ಹಚ್ಚಿ ಕೈ ಎತ್ತಿದ. "ಬೇವರ್ಸಿ, ಹುಡುಗ ಉಂಟು ನೀರಲ್ಲಿ!" ಅಂತ ದೋಣಿಯಿಂದ ಅಬ್ಬರ ಕೇಳಿತು. ಬಂಡೆಯ ಪಕ್ಕ ನೀರಿನ ಮೇಲೆ ಎದ್ದಿದ್ದ ನಾಲ್ಕು ಬೆರಳು ದಂಟು ಕಂಡದ್ದು ಕಡವಿನವರಿಗೊಬ್ಬರಿಗೇ. ಹಾರಿ ಬಂದವರೇ ದೋಣಿ ನಡೆಸುವ ಬಿದಿರಿನ ಜಲ್ಲೆಯಿಂದ ಮಾವನ ತೋಳಿಗೆ ಬಡಿದರು. ಎಲುಬು ಮುರಿದದ್ದು ನನಗೆ ಕೇಳಿತು. ತೋಟೆ ಮರಳಿಗೆ ಬಿತ್ತು, ಬತ್ತಿ ಸುರುಸುರು ಉರಿಯುತ್ತಲೇ ಇತ್ತು. ಒಂದು ಕಡೆ ನೀರಲ್ಲಿ ತಮ್ಮ, ಇನ್ನೊಂದು ಕಡೆ ಒಲೆಯ ಸುತ್ತ ನಾವೆಲ್ಲ. ಅವರು ಅದನ್ನು ಬಲಗೈಯಲ್ಲಿ ಎತ್ತಿಕೊಂಡು ಕುದ್ರಿನ ಕೊನೆಗೆ ಓಡಿದರು. ಹತ್ತು ಹೆಜ್ಜೆ ಓಡಿರಬಹುದು. ಎಸೆಯಲು ಕೈ ಬೀಸಿದರು, ಅಷ್ಟೆ.

ಹೊಗೆ ಕರಗಿದಾಗ ಅವರು ಮಂಡಿಯೂರಿ ಕೂತಿದ್ದರು. ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ. ರಕ್ತ ಚಿಮ್ಮಿ ಚಿಮ್ಮಿ ಮರಳಿಗೆ ಬೀಳುತ್ತಿತ್ತು, ಅವರು ಅದನ್ನೇ ನೋಡುತ್ತಿದ್ದರು. ಅಮ್ಮನ ಸೀರೆಗೆ ಹಾರಿದ ಚೂರುಗಳು ಏನೆಂದು ನಾನು ಹೇಳುವುದಿಲ್ಲ. ತಮ್ಮ ನೀರಿನಿಂದ ತಲೆ ಎತ್ತಿ, "ಎಂತ ಶಬ್ದ ಅದು? ಮೀನೆಲ್ಲ ಓಡಿ ಹೋಯ್ತು," ಅಂದ.

ಅಮ್ಮ ಸೆರಗು ಹರಿದು ಅವರ ತೋಳಿಗೆ ಬಿಗಿದಳು. ಅಪ್ಪ ಜಲ್ಲೆ ಹಿಡಿದರು. ದೋಣಿಯಲ್ಲಿ ಬಿದ್ದುಕೊಂಡೇ ಕಡವಿನವರು, "ಜಲ್ಲೆ ಎಡಕ್ಕೆ ಊರು, ಎಡಕ್ಕೆ! ಎಲ್ಲರನ್ನೂ ಮುಳುಗಿಸ್ತೀಯಾ ಕತ್ತೆ?" ಅಂತ ಬೈದರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಮೂರನೆಯ ದಿನ ಪೊಲೀಸರು ಬಂದರು. ಹಿಂದಿನ ದಿನವೇ ಮನೆಯಲ್ಲಿ ತೀರ್ಮಾನವಾಗಿತ್ತು. ಮಾವನಿಗೆ ಮದುವೆ ಗೊತ್ತಾಗಿತ್ತು. ಜೈಲಿಗೆ ಹೋದವನಿಗೆ ಹೆಣ್ಣು ಯಾರು ಕೊಡುತ್ತಾರೆ? ಅಪ್ಪ ನನ್ನನ್ನು ಎದುರು ಕೂರಿಸಿಕೊಂಡರು. "ತೋಟೆ ತಂದದ್ದು ಬ್ಯಾರಿ, ತಡೀಲಿಕ್ಕೆ ಹೋದ ಮಾವನ ಕೈ ಮುರಿದ ಅಂತ ಹೇಳು. ಸಣ್ಣ ಮಕ್ಕಳು ಸುಳ್ಳು ಹೇಳುದಿಲ್ಲ ಅಂತ ಅವರು ನಂಬ್ತಾರೆ."

ಹೇಳಿದೆ. ತಡವರಿಸದೆ, ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಅಪ್ಪನ ಹೆದರಿಕೆ ಒಂದೇ ಅಲ್ಲ. ನಿಜ ಹೊರಗೆ ಬಂದರೆ ನೋಡದೆ "ಬಂದ್ರು" ಅಂದವಳು ನಾನೆಂಬುದೂ ಬರುತ್ತಿತ್ತಲ್ಲ! ಉಪ್ಪು ತಿಂದವ ನೀರು ಕುಡಿಯಬೇಕು ಅಂತಾರೆ. ತಿಂದವರು ನಾವು, ಕುಡಿದವರು ಅವರು. ಆಸ್ಪತ್ರೆಯಿಂದ ಸೀದಾ ಜೈಲಿಗೆ ಹೋದರು. ಕಡವು ಬೇರೆಯವರ ಕೈಗೆ ಹೋಯಿತು.

ಮೊನ್ನೆ ಮೊಮ್ಮಗ ಒಳಗೆ ಹೋದ ಮೇಲೆ ತಮ್ಮನಿಗೆ ಎಲ್ಲ ಹೇಳಿದೆ. ಮಾವ ಇಲ್ಲ, ಅಪ್ಪ ಅಮ್ಮ ಇಲ್ಲ, ಇನ್ನು ಯಾರ ಮಾನ ಕಾಯಬೇಕು? ಉಗಿಯುತ್ತಾನೆ ಅಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಕೊಳವೆಯನ್ನು ಕುರ್ಚಿಯ ಮೇಲೆ ಇಟ್ಟ.

"ಅಕ್ಕ, ನಾನು ಅವರಿಗೆ ಕಲ್ಲು ಹೊಡೆದಿದ್ದೆ," ಅಂದ. "ಏಳನೇ ಕ್ಲಾಸಿನಲ್ಲಿ. ಸವಣೂರು ಪೇಟೆಯಲ್ಲಿ ಹೋಗ್ತಾ ಇದ್ರು. ನನ್ನನ್ನು ಕೊಲ್ಲಲಿಕ್ಕೆ ನೋಡಿದವರಲ್ವಾ ಅಂತ ಬೀಸಿ ಹೊಡೆದೆ. ಹಣೆ ಒಡೀತು. ರಕ್ತ ಒರೆಸಿಕೊಳ್ತಾ ಸೀದಾ ನನ್ನ ಹತ್ತಿರವೇ ಬಂದ್ರು. ಇನ್ನು ಪೆಟ್ಟು ಬಿತ್ತು ಅಂತ ಕಣ್ಣು ಮುಚ್ಚಿದೆ."

"ಮತ್ತೆ?"

"ತಲೆ ಮೇಲೆ ಎಡಗೈ ಇಟ್ರು. 'ಉದ್ದ ಆಗಿದ್ದಿ ಮಾರಾಯ' ಅಂದ್ರು. ಹೋದ್ರು."

ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಇಬ್ಬರೂ ಆಲಂಕಾರಿಗೆ ಹೋದೆವು. ಅವರ ಮಕ್ಕಳು ಮರಿ ಯಾರಾದರೂ ಇದ್ದರೆ ಕಾಲಿಗೆ ಬೀಳುವ ಅಂತ. ಎಷ್ಟು ಜನರನ್ನು ಕೇಳಿದರೂ ಗುರುತು ಹತ್ತಲಿಲ್ಲ. ಕೊನೆಗೆ ಅಂಗಡಿಯೊಂದರ ಮುದುಕರಿಗೆ ನೆನಪಾಯಿತು.

"ಯಾರು, ಆ ತೋಟೆ ಬ್ಯಾರಿಯಾ? ಸತ್ತು ಎಷ್ಟೋ ಕಾಲ ಆಯ್ತಲ್ಲ. ಮನೆಯವರು ಎಲ್ಲಿಗೆ ಹೋದ್ರೋ ಎಂತದೋ."

"ತೋಟೆ ಅವರದ್ದಲ್ಲ ಮಾರಾಯ್ರೆ, ನಮ್ಮದು," ಅಂದೆ.

ಅವರು ಅಷ್ಟರಲ್ಲಿ ಬೇರೆಯವರಿಗೆ ಸಕ್ಕರೆ ತೂಗುತ್ತಿದ್ದರು.