ತಟ್ಟಕ್ಕನ ಹದಿನೇಳು ಡ್ರಮ್ಮು

ಎದುರಿಗೆ ಡಬ್ಬ ಕಂಡರೆ ಸಾಕು, ಆಕೆಯ ಕೈ ಸುಮ್ಮನಿರುವುದಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಡಲೇಬೇಕು. ಮೂವತ್ತು ವರ್ಷ ಗೋದಾಮುಗಳಲ್ಲಿ ಸರಕು ತಾಳೆ ನೋಡಿದ ಆಡಿಟರಳ ಚಟ ಅದು. ಹೀಗಾಗಿ ಎಲ್ಲರ ಬಾಯಲ್ಲೂ ಆಕೆ ತಟ್ಟಕ್ಕ. ಆ ಹೆಸರಿನ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆ.

ತಟ್ಟಕ್ಕ ಮತ್ತು ಅವಳ ಅಣ್ಣನ ಆಡಿಟ್ ಕಚೇರಿ ಎಂದರೆ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ನಾಲ್ಕು ಜನ. ದೊಡ್ಡ ಕಂಪನಿಗಳನ್ನೆಲ್ಲ ನಾಲ್ಕೇ ನಾಲ್ಕು ಆಡಿಟ್ ಸಂಸ್ಥೆಗಳು ಹಂಚಿಕೊಂಡು ಕೂತಿದ್ದವು. ಇವರ ಪಾಲಿಗೆ ಚೂರುಪಾರು. ಕಡೆಗೆ ಆ ನಾಲ್ಕರಲ್ಲಿ ಒಂದು ಸಂಸ್ಥೆ, "ನಮ್ಮೊಳಗೆ ಸೇರಿಬಿಡಿ" ಎಂದು ಕಾಗದವನ್ನೇ ಕಳಿಸಿತು. ಸೋಮವಾರ ಸಹಿ ಹಾಕಿ ಬೋರ್ಡು ಇಳಿಸುವುದೆಂದು ಅಣ್ಣ ಒಪ್ಪಿಯೂ ಆಗಿತ್ತು. ತಟ್ಟಕ್ಕನಿಗೆ ಮೂರು ದಿನ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಬಣ್ಣದ ಕಾರ್ಖಾನೆಯಿಂದ ಕರೆ ಬಂತು ನೋಡಿ! ಅಲ್ಲಿನ ಹಳೇ ಆಡಿಟರು ಆ ನಾಲ್ಕರಲ್ಲೇ ಒಬ್ಬರು, ಅವರ ಅವಧಿ ಮುಗಿದಿತ್ತು. ನಿಯಮದ ಪ್ರಕಾರ ಅವರು ಹೊರಡಲೇಬೇಕು. ಉಳಿದ ಮೂರು ಸಂಸ್ಥೆಗಳಲ್ಲಿ ಎರಡು ಅದೇ ಕಾರ್ಖಾನೆಗೆ ಸಲಹೆಗಾರರು. ಸಲಹೆ ಕೊಟ್ಟವರೇ ಆಡಿಟ್ ಮಾಡುವಂತಿಲ್ಲ. ಕಣದಲ್ಲಿ ಉಳಿದದ್ದು ತಟ್ಟಕ್ಕನನ್ನು ನುಂಗಲು ಹೊರಟ ಸಂಸ್ಥೆ, ಮತ್ತು ತಟ್ಟಕ್ಕ!

ಶುಕ್ರವಾರ ಹನ್ನೊಂದಕ್ಕೆ ಸಂದರ್ಶನ. ಮುಂಚೆ ಬಂದು ಕಾರ್ಖಾನೆ ನೋಡಬಹುದು ಎಂದು ಪತ್ರದಲ್ಲಿ ಮರ್ಯಾದೆಗೊಂದು ಸಾಲು ಇತ್ತು. ತಟ್ಟಕ್ಕ ಅದನ್ನು ನಿಜವೆಂದೇ ನಂಬಿ ಒಂಬತ್ತಕ್ಕೇ ಗೋದಾಮಿಗೆ ನುಗ್ಗಿದಳು. ಹನ್ನೊಂದೂಕಾಲಿಗೆ ಅಣ್ಣ ಏದುಸಿರು ಬಿಡುತ್ತ ಓಡಿಬಂದ.

"ಏನೇ ಪುಟ್ಟಿ! ಅಲ್ಲಿ ಆ ಸಂಸ್ಥೆಯೋರು ಆರು ಜನ ಕೋಟು ಹಾಕ್ಕೊಂಡು ಕೂತಿದ್ದಾರೆ, ನೀನಿಲ್ಲಿ ಡ್ರಮ್ಮು ಬಡೀತಿದ್ದೀಯಾ?"

"ಶ್! ಅಣ್ಣ, ಕೇಳಿಸ್ಕೋ."

ತುಂಬಿದ ಡ್ರಮ್ಮು ಮಂದವಾಗಿ ಗೊಣಗಬೇಕು. ಇದು ಗುಂಯ್ ಎಂದಿತು.

ತೋಳಿಗೆ ನೀಲಿ ಬಣ್ಣ ಮೆತ್ತಿಕೊಂಡೇ ಆಕೆ ಸಭೆಗೆ ಹೋದಳು. "ಕ್ಷಮಿಸಿ ಅಮ್ಮ, ತಡ ಆಯ್ತು," ಎಂದಳು ಕಾರ್ಖಾನೆಯ ಯಜಮಾನಿಗೆ. "ಮೂರನೇ ಸಾಲಲ್ಲಿ ಹದಿನೇಳು ಡ್ರಮ್ಮು ಖಾಲಿ. ಪಟ್ಟೀಲಿ ತುಂಬಿದ್ದು ಅಂತಿದೆ."

"ಮುಚ್ಚಳ ತೆಗೆಯೋಕೆ ಯಾರ್ರೀ ಹೇಳಿದ್ದು?" ಕಾರ್ಖಾನೆಯ ಮ್ಯಾನೇಜರ್ ಸಿಡಿದ.

"ತೆಗೆದಿಲ್ಲ ಸಾರ್. ತಟ್ಟಿದೆ, ಅಷ್ಟೆ."

ಯಜಮಾನಿ ಎದ್ದರು. ಕೋಟಿನವರ ಸಮೇತ ಎಲ್ಲರೂ ಗೋದಾಮಿಗೆ ಇಳಿದರು. ಒಂದು ತುಂಬಿದ್ದರೂ ಮಾನ ಹೋಯಿತೆಂದು ಅಣ್ಣ ಬೆರಳು ಮಡಚಿ ಎಣಿಸತೊಡಗಿದ. ಒಂದೊಂದೇ ಮುಚ್ಚಳ ತೆರೆಯಿತು. ಐದು, ಹತ್ತು, ಹದಿನಾರು. ಹದಿನೇಳನೆಯದರ ತಳವೂ ಒಣಒಣ!

ಗೋದಾಮು ನೋಡಿಕೊಳ್ಳುವವನು ಮುಂದೆ ಬಂದ. "ತಿಂಗಳ ಕೊನೇಲಿ ಲೆಕ್ಕ ಹೊಂದಿಸೋಕೆ ಲೇಬಲ್ ಮೊದಲೇ ಅಂಟಿಸಿಬಿಡ್ತೀವಿ ಅಮ್ಮ, ಬಣ್ಣ ಆಮೇಲೆ ತುಂಬ್ತೀವಿ. ಎಣಿಸೋಕೆ ಬಂದೋರು ಲೇಬಲ್ ನೋಡ್ಕೊಂಡು ಹೋಗ್ತಿದ್ರು."

ಯಜಮಾನಿ ಕೋಟಿನವರ ಕಡೆ ತಿರುಗಿದರು. "ನೀವು ಗೋದಾಮು ನೋಡಿದ್ರಾ?"

"ಕೆಲಸ ಸಿಕ್ಕಮೇಲೆ ತಂಡ ಕಳಿಸ್ತೀವಿ ಮೇಡಂ," ಎಂದ ಅವರ ಮುಖ್ಯಸ್ಥ.

"ನೀವು ನಾಳೆಯಿಂದ ಬರ್ತೀರಾ?" ಎಂದು ಯಜಮಾನಿ ಕೇಳಿದ್ದು ತಟ್ಟಕ್ಕನನ್ನು.

"ಇವತ್ತೇ ಇದ್ದೀನಲ್ಲಮ್ಮ. ಇನ್ನೂ ನಾಲ್ಕು ಸಾಲು ಬಾಕಿ."

ಅಣ್ಣನಿಗೆ ಕುಣಿಯಬೇಕೆನ್ನುವಷ್ಟು ಖುಷಿ. ಹೊರಗೆ ಕಾರಿನ ಬಳಿ ಮುಖ್ಯಸ್ಥ ಅವನನ್ನು ತಡೆದು, "ಸೋಮವಾರ ಸಹಿಗೆ ಬರ್ತೀರಲ್ಲ?" ಎಂದು ಕೇಳಿದ.

"ಎಲ್ಲಿಂದ ಬರೋದು ಸಾರ್! ಇಷ್ಟು ದೊಡ್ಡ ಕೆಲಸಕ್ಕೆ ನಮ್ಮ ನಾಲ್ಕು ಜನ ಸಾಲಲ್ಲ," ಎಂದ ಅಣ್ಣ. "ನಿಮ್ಮಲ್ಲಿ ಯಾರಿಗಾದ್ರೂ ಸೇರೋ ಮನಸ್ಸಿದ್ರೆ, ಸೋಮವಾರ ನಮ್ಮಲ್ಲಿಗೇ ಕಳಿಸಿಬಿಡಿ."