ಕಲ್ಯದಿಂದ ತಂದ ಬಿತ್ತನೆ ಗೂಡು

ಶನಿವಾರ ಮಧ್ಯಾಹ್ನದ ಆ ತರಗತಿಗೆ ಅಟೆಂಡೆನ್ಸ್ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ನನಗೆ ಸಂಬಳವೂ ಇರಲಿಲ್ಲ. ರಾಮನಗರದ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದ ನಾನು, ಉಳಿದವರೆಲ್ಲ ಬಸ್ ಹಿಡಿದು ಹೊರಟ ಮೇಲೆ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದೆ. ಷೇರು ಎಂದರೇನು, ಮ್ಯೂಚುವಲ್ ಫಂಡ್ ಎಂದರೇನು, ತಿಂಗಳಿಗೆ ಐನೂರಾದರೂ ತಮ್ಮ ಹೆಸರಿನಲ್ಲೇ ಹೇಗೆ ಹೂಡಬೇಕು ಎಂದು ಬಿಡಿಸಿ ಹೇಳುತ್ತಿದ್ದೆ. ಹೆಣ್ಣುಮಕ್ಕಳಿಗೆ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ. ನನ್ನ ಮೊದಲ ಐದು ವರ್ಷದ ಸಂಬಳವನ್ನು ನಾನು ಕಣ್ಣಿಂದ ನೋಡಿದ್ದಷ್ಟೇ, ಖರ್ಚು ಮಾಡಿದವರು ಬೇರೆ. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಕೈಲಾಂಚದಿಂದ ಒಬ್ಬಳು ಬರುತ್ತಿದ್ದಳು. ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಯೇ ಬಸ್ ಹತ್ತುತ್ತಿದ್ದುದರಿಂದ ಬೆರಳ ಸಂದಿಯಲ್ಲಿ ಸದಾ ಹಸಿರು ಕರೆ. ಕೊನೆಯ ಬೆಂಚಿನಲ್ಲಿ ಕೂತು, ನಾನು ಒಂದು ಹೇಳಿದರೆ ಮೂರು ಪ್ರಶ್ನೆ ಕೇಳುವವಳು.

"ಎಂ.ಕಾಂ. ಓದ್ಬೇಕು ಮೇಡಮ್. ಮನೇಲಿ ದುಡ್ಡು ಕೇಳಂಗಿಲ್ಲ. ಕೇಳುದ್ರೆ ಮದ್ವೆ ಮಾತು ಎತ್ತುತಾರೆ" ಎಂದಿದ್ದಳು. ಸ್ಕಾಲರ್‌ಶಿಪ್ ಹಣ, ರವಿಕೆ ಹೊಲಿದ ಹಣ ಎಲ್ಲ ಸೇರಿಸಿ ಎರಡು ವರ್ಷ ಬಿಡದೆ ಮ್ಯೂಚುವಲ್ ಫಂಡಿಗೆ ಕಟ್ಟಿದಳು. ನಾನಂತೂ ಸ್ಟಾಫ್ ರೂಮಿನಲ್ಲಿ ಅವಳ ಬಗ್ಗೆ ಜಂಬ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಕೊನೆಯ ವರ್ಷ ಷೇರುಪೇಟೆ ಕುಸಿಯಿತು. ಒಂದು ಶನಿವಾರ ಅವಳು ನಗುನಗುತ್ತಾ ಬಂದು, "ಎಲ್ಲಾ ಮಾರ್ಬುಟ್ಟೆ ಮೇಡಮ್" ಎಂದಳು.

"ಯಾಕೆ?"

"ಒಂದ್ವಾರದಿಂದ ಇಳೀತಾನೇ ಐತೆ. ಇನ್ನೂ ಇಟ್ಕಂಡ್ರೆ ಚಿಟ್ಟೆ ಈಚೆಗೆ ಬಂದ್ಬುಡಲ್ವಾ? ನಮ್ಮಪ್ಪ ರೇಟಿಲ್ಲ ಅಂತ ಯಾವತ್ತೂ ಗೂಡ ವಾಪಸ್ ತಂದೋರಲ್ಲ."

ರೇಷ್ಮೆ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೂಡು ಬಿಡಿಸಿದ ಕೂಡಲೇ ಮಾರುಕಟ್ಟೆಗೆ ಒಯ್ಯಬೇಕು, ಹರಾಜಿನಲ್ಲಿ ಎಷ್ಟು ಕೂಗಿದರೆ ಅಷ್ಟಕ್ಕೆ ಕೊಟ್ಟು ಬರಬೇಕು. ತಡಮಾಡಿದರೆ ಒಳಗಿನ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಅವಳ ಮನೆಯ ಬುದ್ಧಿಯಲ್ಲಿ ಅವಳು ಮಾಡಿದ್ದು ಸರಿಯಾಗಿಯೇ ಇತ್ತು.

ನನಗೆ ಅದು ಹೊಳೆಯಲಿಲ್ಲ, ಬಂದದ್ದು ಸಿಟ್ಟು ಮಾತ್ರ. "ಎರಡು ವರ್ಷ ಗೋಡೆಗೆ ಪಾಠ ಮಾಡಿದೆನಾ? ಹೋಗು, ಗೂಡೇ ಮಾರಿಕೊಂಡಿರು" ಎಂದು ಎಲ್ಲರ ಎದುರೇ ಅಂದುಬಿಟ್ಟೆ. ಹುಡುಗರು ನಕ್ಕರು. ಅವಳು ನೋಟ್‌ಬುಕ್ ಮುಚ್ಚಿದಳು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಕಡೆಯೇ ಸುಳಿಯಲಿಲ್ಲ.

ಮರುವರ್ಷ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಮಾಗಡಿ ಕಡೆಯ ಕಲ್ಯಕ್ಕೆ ಹೋಗಿದ್ದೆ. ಪಕ್ಕದ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುತ್ತಿದ್ದರು. ಬಾಯಿ ಸುಮ್ಮನಿರಬೇಕಲ್ಲ, "ಬೇಗ ಮಾರದಿದ್ದರೆ ಚಿಟ್ಟೆ ಬರೋದಿಲ್ವಾ ಅಜ್ಜಿ?" ಎಂದೆ.

"ಬರ್ಲಿ ಅಂತ್ಲೇ ಕಣವ್ವಾ ಬೆಳೆಯಾದು. ಇದು ಬಿತ್ತನೆ ಗೂಡು. ಚಿಟ್ಟೆ ಬಂದು ಮೊಟ್ಟೆ ಇಟ್ರೆ ತಾನೆ ನಾಳೀಕೆ ಹುಳ? ಎಲ್ಲಾನೂ ನೂಲಿಗೆ ಕೊಟ್ಬುಟ್ರೆ ಮುಂದಕ್ಕೇನ್ ಮಾಡೀಯೆ?"

ಊಟಕ್ಕೆ ಕರೆದರೂ ನಾನು ಅಲ್ಲಿಂದ ಕದಲಲಿಲ್ಲ. ಪೇಟೆ ಇಳಿದಾಗ ಮಾರದೆ ಕಾಯಬೇಕೆಂದು ಬೋರ್ಡಿನ ತುಂಬ ಗ್ರಾಫ್ ಬರೆದರೂ ನಾನು ಮನದಟ್ಟು ಮಾಡಲಾಗದ ಮಾತು ಇಲ್ಲಿ ಜಗಲಿಯ ಮೇಲೆ ಬಿದ್ದಿತ್ತು. ಅವತ್ತು ಸಿಟ್ಟು ನುಂಗಿಕೊಂಡು, "ಇದು ಬಿತ್ತನೆ ಗೂಡು ಕಣೇ" ಎಂದಿದ್ದರೆ ಅವಳಿಗೆ ಅಷ್ಟೇ ಸಾಕಾಗುತ್ತಿತ್ತು. ಅಜ್ಜಿಯಿಂದ ಒಂದು ಗೂಡು ಇಸಿದುಕೊಂಡು ಕರವಸ್ತ್ರದಲ್ಲಿ ಸುತ್ತಿ, ಮರುದಿನವೇ ಸ್ಕೂಟರಿನಲ್ಲಿ ಕೈಲಾಂಚಕ್ಕೆ ಹೋದೆ. ಮೊದಲು ಕ್ಷಮೆ ಕೇಳುವುದೋ ಮೊದಲು ಗೂಡು ತೋರಿಸುವುದೋ ಎಂದು ದಾರಿಯುದ್ದಕ್ಕೂ ಯೋಚನೆ.

ಸೊಪ್ಪು ಕತ್ತರಿಸುತ್ತಿದ್ದ ಅವಳ ತಾಯಿ ಎದ್ದು ಚಾಪೆ ಹಾಸಿದರು.

"ಮದ್ವೆ ಆಗೋಯ್ತಲ್ಲಾ ಮೇಡಮ್ಮೋರೆ. ಉಯ್ಯಂಬಳ್ಳಿ ತಾವ ಕೊಟ್ಟೋ. ಕುರಿ ನೋಡ್ಕಂಡು ಚೆಂದಾಗವ್ಳೆ."

"ಎಂ.ಕಾಂ. ಓದ್ತೀನಿ ಅಂತಿದ್ದಳಲ್ಲ?"

"ಒಸಿ ದಿನ ಹಟ ಮಾಡುದ್ಲು. ಅಷ್ಟ್ರಲ್ಲಿ ಸಂಬಂಧ ಬಂತು, ದುಡ್ಡೂ ಕೈಲೇ ಇತ್ತು. ಅವಳ್ದೇ ದುಡ್ಡಲ್ಲಿ ಧಾರೆ ಸೀರೆ ತಂದೋ. ಅಸಲಿ ರೇಷ್ಮೆ! ಉಳ್ಸೋದು ಕಲಿಸ್ದೋರು ನೀವೇ ಅಂತೆ. ನಿಮ್ಮಿಂದ ಭಾಳ ಉಪ್ಕಾರ ಆಯ್ತು."

ಗೂಡು ತೆಗೆಯಲೆಂದು ಬ್ಯಾಗಿನೊಳಗೆ ಹಾಕಿದ್ದ ಕೈಯನ್ನು ಬರಿದಾಗಿಯೇ ಹೊರತೆಗೆದೆ. ಅವರು ಕೊಟ್ಟ ಕಾಫಿ ಕುಡಿದೆ.

ಈಗಲೂ ಶನಿವಾರದ ತರಗತಿ ನಡೆಯುತ್ತದೆ. ಮೊದಲ ದಿನ ಬಿತ್ತನೆ ಗೂಡಿನ ಮಾತಿನಿಂದಲೇ ಶುರುಮಾಡುತ್ತೇನೆ, ಮಕ್ಕಳು ತಲೆಯಾಡಿಸುತ್ತಾರೆ. ಎಷ್ಟು ಜನ ತಲೆಯಾಡಿಸಿದರೂ ನನಗೆ ಅವಳೇ ಬೇಕು. ಕೊನೆಯ ಬೆಂಚಿನಿಂದ ಹಸಿರು ಕರೆಯ ಕೈ ಎತ್ತಿ, "ಅಂಗಂತ ಅವತ್ತೇ ಯಾಕೆ ಹೇಳ್ಲಿಲ್ಲ ಮೇಡಮ್?" ಎಂದು ಅವಳು ಕೇಳಬೇಕು.