ಹೊಸಿಲು ದಾಟಿದ ಚಪ್ಪಲಿ

ಮೊನ್ನೆ ಬೆಳಗ್ಗೆ ಹತ್ತರ ಸುಮಾರಿಗೆ ನಾನು ಕುಣಿಗಲ್ ಬಸ್ ನಿಲ್ದಾಣದ ಎದುರಿನ ಚಪ್ಪಲಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯ ಭಾಯ್ ಹೊಸ ಜೋಡಿಯೊಂದನ್ನು ಕವರಿನಿಂದ ಹೊರತೆಗೆದರು. ರಬ್ಬರಿನ ವಾಸನೆ ಬಂತು. ಅದರ ಬೆನ್ನಿಗೇ ಅರಿಶಿನದ ವಾಸನೆ. ಅಂಗಡಿಯಲ್ಲಿ ಅರಿಶಿನ ಇರಲಿಲ್ಲ. ಅದು ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯದು...

ಅತ್ತೆ ಸೊಸೆ ಇಬ್ಬರೇ ಇದ್ದ ಆ ಮನೆಯೊಳಗೆ ಚಪ್ಪಲಿ ಹೋದದ್ದನ್ನು ನಾವು ಕಂಡಿರಲಿಲ್ಲ. ಕರೆಂಟ್ ರಿಪೇರಿಗೆ ಬಂದವನು ಬೂಟು ಬಿಚ್ಚಲು ಹೆದರಿದಾಗ, ಅಜ್ಜಿ ಒಣ ಮಣೆಯೊಂದನ್ನು ಕೊಟ್ಟು ಅದರ ಮೇಲೆ ನಿಲ್ಲಿಸಿದ್ದರು. ಬೂಟು ಜಗುಲಿಯಲ್ಲೇ ಉಳಿಯಿತು.

ಸೊಸೆಯನ್ನು ನಾವು ಅಕ್ಕ ಅನ್ನುತ್ತಿದ್ದೆವು. ಸಕ್ಕರೆ ಕಾಯಿಲೆಯ ಗಾಯ ಮಾಯದೆ ಅಕ್ಕನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನಡುಮನೆಯಲ್ಲಿ ಕುಳಿತು ಅವರು ಕಾಯುತ್ತಿದ್ದದ್ದು ಒಂದಕ್ಕೇ: ಮತ್ತೆ ಒಲೆಯ ಮುಂದೆ ನಿಲ್ಲುವುದಕ್ಕೆ. ತುಮಕೂರಿನಲ್ಲಿ ಹೊಸ ಕಾಲು ಮಾಡಿಕೊಟ್ಟರು. ಅಲ್ಲಿ ಕಂಬಿ ಹಿಡಿದು ನಡೆದರು, ಆಮೇಲೆ ಕಂಬಿ ಬಿಟ್ಟೂ ನಡೆದರು.

ಮನೆಗೆ ಬಂದ ದಿನ, ಎಲ್ಲರೂ ಮಾಡುವಂತೆ, ಹೊಸಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಹಿಂದಕ್ಕೆ ಬಿದ್ದರು. ಎದ್ದು ಮತ್ತೆ ಯತ್ನಿಸಿದರು. ಯಾರೋ ಎದೆಗೆ ಕೈಯಿಟ್ಟು ತಳ್ಳಿದ ಹಾಗಾಗುತ್ತದೆ ಅಂದರು. ಮರುದಿನ ಆ ಕಾಲನ್ನು ಹಳೆಯ ಸೀರೆಯಲ್ಲಿ ಸುತ್ತಿಸಿ ಅಟ್ಟಕ್ಕೆ ಹಾಕಿಸಿಬಿಟ್ಟರು.

ನನ್ನ ಹೆಂಡತಿ ತುಮಕೂರಿಗೆ ಫೋನ್ ಮಾಡಿದಳು. ನಡೆಯಲು ಕಲಿಸಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಚಪ್ಪಲಿ ಬಿಟ್ಟಿದ್ದರಾ ಎಂದು ವಿಚಾರಿಸಿದಳು. ಕಾಲನ್ನು ಚಪ್ಪಲಿಯ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿದ್ದರಂತೆ. ಚಪ್ಪಲಿ ತೆಗೆದರೆ ಮೈ ಹಿಂದಕ್ಕೆ ವಾಲುತ್ತದೆ. ಬರಿಗಾಲಿಗೆ ಹೊಂದಿಸಿದರೆ ಚಪ್ಪಲಿ ಹಾಕಿ ಬೀದಿಗೆ ಇಳಿಯುವುದು ಕಷ್ಟ. ಮನೆಯೊಳಗೂ ಹಾಕಿಕೊಂಡೇ ನಡೆಯಬೇಕು ಅಂದಳು.

ಅಕ್ಕ ತಲೆಯಾಡಿಸಿದರು. "ಒಲೆ ಮುಂದೆ ಚಪ್ಪಲೀಲಿ ನಿಲ್ಲಕ್ಕಾಯ್ತದಾ? ಬುಡಿ ಅತ್ಲಾಗೆ. ಕೂತೇ ಇರ್ತೀನಿ."

ಅಜ್ಜಿ ಹೊಸಿಲಾಚೆ ಬಿದ್ದಿದ್ದ ಅಕ್ಕನ ಚಪ್ಪಲಿಯನ್ನು ಕೈಚೀಲಕ್ಕೆ ಹಾಕಿಕೊಂಡರು.

ಮಾರನೆಯ ದಿನ ನಾನು ಅವರ ಜಗುಲಿಯ ಎಡಗಂಬದ ಪಕ್ಕದಲ್ಲಿದ್ದೆ. ನೋಡಿದ್ದಷ್ಟನ್ನೇ ಬರೆಯುತ್ತೇನೆ. ಬಿಸಿಲು ಹೊಸಿಲು ದಾಟಿ ನಡುಮನೆಯ ಕೆಂಪು ನೆಲದ ಮೇಲೆ ನೀರಿನಂತೆ ಹರಡಿತ್ತು. ಪೇಟೆಯಿಂದ ಬಂದ ಅಜ್ಜಿ, ಅಳತೆಗೆಂದು ಒಯ್ದಿದ್ದ ಅಕ್ಕನ ಹಳೆಯ ಚಪ್ಪಲಿಯನ್ನು ಕೈಚೀಲದಿಂದ ತೆಗೆದು ಹೊರಗಿಟ್ಟರು. ಅದೇ ಎತ್ತರದ ಹೊಸ ಜೋಡಿಯನ್ನು ಅರಿಶಿನದ ನೀರಿನಲ್ಲಿ ತೊಳೆದರು. ಸೆರಗಿನಿಂದ ಒರೆಸಿದರು. ಎರಡೂ ಕೈಯಲ್ಲಿ ಅದನ್ನು ಹಿಡಿದು ಹೊಸಿಲು ದಾಟಿ, ಅಡಿಗೆಮನೆಯ ಕಡೆ ಮುಖ ಮಾಡಿ ಇಟ್ಟರು.

"ಬಾರಮ್ಮ," ಅಂದರು. "ದೇವ್ರು ಕೇಳಿದ್ರೆ ನಾನ್ ಹೇಳ್ಕೋತೀನಿ."

ನನ್ನ ಹೆಂಡತಿ ಅಟ್ಟದಿಂದ ಕಾಲು ಇಳಿಸಿಕೊಟ್ಟಳು. ಅಕ್ಕ ಅದನ್ನೂ ಚಪ್ಪಲಿಯನ್ನೂ ತೊಟ್ಟು ಎದ್ದು ನಿಂತರು... ಬೀಳಲಿಲ್ಲ. ಬಿಸಿಲಿನ ಆ ಹರವನ್ನು ದಾಟುವಾಗ, ಹಳ್ಳ ದಾಟುವವರ ಹಾಗೆ, ಸೀರೆಯನ್ನು ಒಂದಿಷ್ಟು ಎತ್ತಿ ಹಿಡಿದಿದ್ದರು. ಆಮೇಲೆ ಒಳಗಿಂದ ಅವರ ದನಿ ಕೇಳಿತು.

"ಸೌಟು ಕೊಡಿ ಅತ್ತೆ ಇತ್ಲಾಗೆ. ನಿಮ್ ಸಾರು ತಿಂದೂ ತಿಂದೂ ನಾಲಿಗೆ ಸತ್ತೋಗೈತೆ."

ಅಜ್ಜಿ ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಡುಮನೆಯಲ್ಲಿ ಮಲಗಿಸಿದ್ದ ಅವರ ಬಳಿಗೆ ಅಕ್ಕ ಅದೇ ಚಪ್ಪಲಿಯಲ್ಲಿ ನಡೆದು ಬಂದಾಗ, ನೆರೆದಿದ್ದವರು ಸುಮ್ಮನೆ ಸರಿದು ದಾರಿ ಬಿಟ್ಟರು.

ಈಗ ಆ ಚಪ್ಪಲಿ ಸವೆದಿದೆ. ಮೊನ್ನೆ ಕೆಲಸದ ಮೇಲೆ ಕುಣಿಗಲ್‌ಗೆ ಹೊರಟ ನನಗೆ ಅಕ್ಕ ಅಳತೆಗೆಂದು ಅದನ್ನೇ ಕೊಟ್ಟು ಕಳಿಸಿದ್ದರು. ಅಂದೇ ಸಂಜೆ ಹೊಸ ಜೋಡಿ ತಲುಪಿಸಿದೆ. ಅರಿಶಿನದ ನೀರನ್ನು ಅಕ್ಕ ತಾವೇ ಕದಡಿದರು. ತೊಳೆದರು. ಅಜ್ಜಿ ಮಾಡಿದ ಹಾಗೆಯೇ ಸೆರಗಿನಿಂದ ಒರೆಸಿದರು.

ಅಜ್ಜಿ ಚಪ್ಪಲಿ ಹಿಡಿದು ಆ ಹೊಸಿಲು ದಾಟಿದ್ದನ್ನು ಕಂಡವರು ನಾವು ಮೂವರೇ: ಅಕ್ಕ, ನನ್ನ ಹೆಂಡತಿ, ನಾನು.